ಬರಿ ಹೆಸರು

ಹೆಣ್ಣುಮಕ್ಕಳ ಹಾಸ್ಟೆಲ್, ವಿಜಾಪುರ
೮ ಫೆಬ್ರುವರಿ ೧೯೬೨

ಅವ್ವಾ,

ಬರೆಯಬೇಡ ಎಂದು ನೀನು ಹೇಳಿ ಕಳಿಸಿದ ಮೇಲೂ ಬರೆಯುತ್ತಿದ್ದೇನೆ, ತಪ್ಪಾಯಿತು. ಮೂರು ಸಲ ಬರೆದು ಮೂರು ಸಲ ಹರಿದೆ. ಪತ್ರವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕು ಎಂದು ಸಾಲಿಯಲ್ಲಿ ಕಲಿಸಿದ್ದಾರೆ. ಅಪ್ಪ ಹೋಗಿ ಇನ್ನೂ ಇಪ್ಪತ್ತು ದಿನ. ಕ್ಷೇಮ ಎಂದು ಬರೆಯಲು ಪೆನ್ನು ಏಳಲಿಲ್ಲ.

ಇದನ್ನು ನಿನಗೆ ಓದಿ ಹೇಳುವವಳು ಪಕ್ಕದ ಮನೆಯ ಬೀಬಿಜಾನಕ್ಕ. ಬೀಬಿಜಾನಕ್ಕಾ, ದಯವಿಟ್ಟು ಕಟ್ಟೆಯ ಮೇಲೆ ಕೂತು ಓದಬೇಡ, ಒಳಗೆ ಹೋಗಿ ಓದು. ಎದುರು ಮನೆಯ ಸಕ್ರವ್ವನ ಕಿವಿಗೆ ಬಿದ್ದರೆ ಟಿಕೋಟಾ ಊರಿಗೆಲ್ಲ ಬಿದ್ದಂತೆ.

ಅವ್ವಾ, ಆ ರವಿವಾರದಿಂದ ಹೇಳುತ್ತೇನೆ. ನಿಮ್ಮ ನಿಮ್ಮ ಊರಿಗೆ ಹೋಗಿ ಹೆಣ್ಣುಮಕ್ಕಳಿಗೆ ವೋಟು ಹಾಕುವುದನ್ನು ಕಲಿಸಿ ಬನ್ನಿ ಎಂದು ಕಾಲೇಜಿನ ಮ್ಯಾಡಮ್ ಹೇಳಿದ್ದರು. ಹೋದ ಚುನಾವಣೆಯಲ್ಲಿ ನಿಂತವರಿಗೆಲ್ಲ ಒಂದೊಂದು ಪೆಟ್ಟಿಗೆ ಇತ್ತು, ಚೀಟಿ ಒಳಗೆ ಬಿಟ್ಟರೆ ಮುಗಿಯಿತು. ಈ ಸಲ ಚೀಟಿಯ ಮೇಲೇ ಚಿತ್ರದ ಮುಂದೆ ಮುದ್ರೆ ಒತ್ತಬೇಕು. ಅದಕ್ಕೇ ನಾನು ಉಳ್ಳಾಗಡ್ಡಿ ಕೊಯ್ದು ಮುದ್ರೆ ಮಾಡಿದ್ದೆ. ಅರಿವೆಗೆ ಹಾಕುವ ನೀಲಿಯಲ್ಲಿ ಅದ್ದಿ ಒತ್ತಿಸಿದೆ. ನಮ್ಮ ಅಂಗಳದಲ್ಲಿ ಹನ್ನೊಂದು ಮಂದಿ ಕೂತಿದ್ದಿರಿ. ನಾನು ಬರೆದ ಎತ್ತಿನ ಚಿತ್ರ ನೋಡಿ ನೀನು, "ಇದ್ಯಾವ ಎತ್ತಬೇ, ಹೆಗಲ ಮ್ಯಾಲ ಹಿಣಿಲ ಇಲ್ಲ, ನಾಯಿ ಇದ್ದಂಗ ಐತಿ" ಅಂದೆ. ಎಷ್ಟು ನಕ್ಕೆವು.

ಆಮೇಲೆ ಹೆಸರಿನ ಮಾತು ಬಂತು. ವೋಟರ ಯಾದಿಯಲ್ಲಿ ನೀನು ಬರೇ 'ಸಾಬಣ್ಣನ ಹೆಂಡತಿ' ಆಗಿದ್ದೆ. ನಾನು ಅರ್ಜಿ ಕೊಟ್ಟು 'ತಿಪ್ಪವ್ವ ಗಂಡ ಸಾಬಣ್ಣ' ಎಂದು ಮಾಡಿಸಿದ್ದೆ. ವೋಟು ಹಾಕುವಲ್ಲಿ ಕೂತ ಸಾಹೇಬರು ನಿನ್ನ ಹೆಸರು, ಗಂಡನ ಹೆಸರು ಎರಡೂ ಕೇಳುತ್ತಾರೆ, ಬಾಯಿಬಿಟ್ಟು ಹೇಳಬೇಕು ಎಂದೆ. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು. ಸಕ್ರವ್ವ, "ಗಂಡನ ಹೆಸರ ಕೇಳಾಕ ಅಂವೇನ ನಮ್ಮ ಬೀಗನೇನಬೇ?" ಅಂದಳು. ನೀನೇ ಎದ್ದು ನಿಂತು, ಮದುವೆಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಇಟ್ಟು ಹೇಳುವ ಹಾಗೆ ಒಡಪು ಹಾಕಿದೆ:

"ಬಿಳಿಜ್ವಾಳದ ಹೊಲಕ ಬೇಲಿ ಕಾವಲ, ಸಾಬಣ್ಣನವರು ನನ್ನ ಬಾಳಿಗಿ ಕಾವಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಲ್ಲಿ ಒಡಪು ಕೇಳುತ್ತ ಕೂಡಲು ಅವರಿಗೆ ಟೈಮ್ ಇರುವುದಿಲ್ಲ, ಬರಿ ಹೆಸರು ಹೇಳು ಎಂದೆ. "ಬ್ಯಾಡ ಸತ್ಯಾ, ಒಡಪಿನಾಗ ಇಟ್ಟು ಹೇಳಿದ್ರ ನಡೀತೈತಿ. ಬರಿ ಹೆಸರ ಹಿಡದ್ರ ಅವರ ಆಯುಷ್ಯ ಕಮ್ಮಿ ಆಗತೈತಿ" ಎಂದು ನೀನು ಮೆತ್ತಗೆ ಹೇಳಿದೆ. ನಾನು 'ಸುಪರ್‌ಸ್ಟಿಷನ್' ಅಂದೆ. ಹಂಗಂದ್ರೇನು ಅಂತ ನೀನು ಕೇಳಿದೆ. ನಾನು ಹೇಳದೆ ನಕ್ಕೆ. ಮಗಳ ಮುಖ ಸಣ್ಣದಾಗಬಾರದು ಎಂದು ನೀನು ಕಣ್ಣು ಮುಚ್ಚಿ ಹೇಳಿಯೇ ಬಿಟ್ಟೆ: "ಸಾಬಣ್ಣ."

ಹನ್ನೆರಡನೆಯ ದಿನ ಅಪ್ಪ ಹೋದ.

ನಾನು ಬಸ್ಸಿಳಿದು ಓಡಿ ಬಂದಾಗ ಹೊಸ್ತಿಲಲ್ಲಿ ನೀನು ಅಂದ ಮಾತು ದಿನಾ ಕೇಳಿಸುತ್ತದೆ: "ನೀ ಹೇಳಿಸಿದಿ, ನಾ ಅಂದೆ. ಇಬ್ಬರೂ ಕೂಡಿ ಕೊಂದ್ವಿ." ಅದೇ ನೀನು ನನ್ನೊಡನೆ ಆಡಿದ ಕೊನೆಯ ಮಾತು. ಅವತ್ತಿನಿಂದ ನೀನು ಬಾಯಿಗೆ ಸೆರಗು ಒತ್ತಿಕೊಂಡೇ ಕೂತಿದ್ದೀ, ರೊಟ್ಟಿ ಮುರಿದು ಹಾಗೇ ಬಿಡುತ್ತೀ ಎಂದು ಬೀಬಿಜಾನಕ್ಕ ಬರೆದಿದ್ದಾಳೆ. ಅಂಗಳದಲ್ಲಿ ಕೂತಿದ್ದ ಉಳಿದ ಹತ್ತೂ ಮಂದಿ ಈ ತಿಂಗಳ ವೋಟಿಗೆ ಹೋಗುವುದಿಲ್ಲವಂತೆ. ತಿಪ್ಪವ್ವಗ ಆದದ್ದು ನಮಗ ಆಗೋದು ಬ್ಯಾಡ ಅಂತಾರಂತೆ. ಕಲಿಸಲು ಬಂದವಳು ಕೆಡಿಸಿ ಹೋದೆ.

ಬೀಬಿಜಾನಕ್ಕಾ, ಇಲ್ಲಿಂದ ನಿಧಾನ ಓದು.

ಅವ್ವಾ, ದೀಪಾವಳಿ ಆದಮೇಲೆ ಅಪ್ಪ ಎರಡು ಸಲ ಎತ್ತು ನೋಡಿ ಬರುತ್ತೇನೆಂದು ಬಬಲೇಶ್ವರಕ್ಕೆ ಹೋಗಿದ್ದ, ನೆನಪಿದೆಯೇ? ಎರಡು ಸಲವೂ ಬರಿಗೈಲಿ ಬಂದ. "ಎತ್ತಿನ ಬಾಲಾನೂ ತರಲಿಲ್ಲ" ಎಂದು ನೀನು ವಾರಗಟ್ಟಲೆ ಹಂಗಿಸಿದೆ. ಅಪ್ಪ ಬಬಲೇಶ್ವರಕ್ಕೆ ಹೋಗಿರಲೇ ಇಲ್ಲ. ನನ್ನ ಹತ್ತಿರ ಬಂದಿದ್ದ.

ಹೊಟ್ಟೆಯಲ್ಲಿ ಗಡ್ಡೆ ಇತ್ತು ಅವ್ವಾ. ಮಗಳಿಗೆ ಇಂಗ್ಲಿಷ್ ಬರುತ್ತದೆ, ಡಾಕ್ಟರ ಹತ್ತಿರ ಮಾತಾಡುತ್ತಾಳೆ ಎಂದು ನಂಬಿ ಬಂದಿದ್ದ. ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಅಪ್ಪನಿಗೆ ತಿಳಿಯಬಾರದೆಂದು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಶಾಣ್ಯಾಳ ಹಾಗೆ ಎಸ್ ಸರ್, ಎಸ್ ಸರ್ ಅಂದೆ. ಅರ್ಧ ತಿಳಿಯಿತು. ಉಳಿದ ಅರ್ಧವನ್ನು ಆಮೇಲೆ ಹಾಸ್ಟೆಲಿನ ಡಿಕ್ಷನರಿಯಲ್ಲಿ ಹುಡುಕಿದೆ. ಕೊಯ್ದು ತೆಗೆಯುವ ಹಾಗಿಲ್ಲ. ಎರಡು ತಿಂಗಳು, ಹೆಚ್ಚೆಂದರೆ ಮೂರು. ಹೊರಗೆ ಬೇವಿನ ಗಿಡದ ಬುಡಕ್ಕೆ ಬಂದಾಗ ಅಪ್ಪ ಏನಂದ್ರು ಎಂದು ಕೇಳಿದ. ಟಾನಿಕ್ ಕೊಟ್ಟಿದ್ದಾರೆ ಎಂದೆ. "ಟಾನಿಕಿಗೆ ಇಷ್ಟ್ಯಾಕ ಅಳತಿಬೇ?" ಅಂದ.

ಆಮೇಲೆ ಆಣೆ ಹಾಕಿಸಿಕೊಂಡ. "ನಿಮ್ಮವ್ವಗ ಹೇಳಬ್ಯಾಡ. ಈಗಿಂದನ ಅಳಾಕ ಕೂಡತಾಳ. ಸುಗ್ಗಿತನಕಾ ಬೈಕೋತರ ಇರಲಿ."

ಹೆಸರಿನಿಂದ ಅಪ್ಪ ಹೋಗಲಿಲ್ಲ ಅವ್ವಾ. ನೀನು ಆ ಹೆಸರು ಹೇಳುವ ಎರಡು ತಿಂಗಳ ಮೊದಲೇ ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಾಗಾದರೆ ಹೊಸ್ತಿಲಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಆಣೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಂಜಿದೆ. 'ಗೊತ್ತಿದ್ದೂ ನಾ ಅವರನ್ನು ಬೈಯುವಾಗ ಸುಮ್ಮನೆ ನೋಡುತ್ತ ಕೂತಿದ್ದೆಯಾ, ಇನ್ನು ಎರಡೇ ತಿಂಗಳು ಎಂದು ನನಗೆ ಗೊತ್ತಿದ್ದರೆ ಒಂದು ದಿನವಾದರೂ ಬಿಸಿ ಹಾಲು ಕಾಸಿ ಕೊಡುತ್ತಿರಲಿಲ್ಲವೇ' ಎಂದು ನೀನು ಕೇಳಿಬಿಡುತ್ತೀ ಎಂದು. ನೀನು ಆ ಹೆಸರನ್ನೇ ದೂರಿಕೊಳ್ಳುತ್ತಿದ್ದರೆ ನಾನು ಬಚಾವು ಎಂದು ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡು ಕೂತೆ.

ಸಿಟ್ಟು ಮಾಡುವುದಿದ್ದರೆ ಇದಕ್ಕೆ ಮಾಡು. ನಿನ್ನ ಬಾಯಿಯ ಮೇಲೆ ಮಾಡಬೇಡ.

ವೋಟಿಗೆ ಹೋಗು ಎಂದು ನಾನು ಹೇಳುವುದಿಲ್ಲ. ಹೇಳುವ ಮುಖ ಉಳಿದಿಲ್ಲ. ಆದರೆ ಆ ಹತ್ತು ಮಂದಿ ತಮ್ಮ ಗಂಡಂದಿರ ಹೆಸರಿಗೆ ಅಂಜಿ ಕೂತಿದ್ದಾರಲ್ಲ, ಅದಕ್ಕೇ ಒಳಗೆ ಹೋಗಿ ಓದು ಎಂದು ಮೊದಲು ಬರೆದ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ನೀನು ಕೇಳಿಸಿಕೊಂಡ ಮೇಲೆ, ನಿನಗೆ ಒಪ್ಪಿಗೆಯಿದ್ದರೆ, ಬೀಬಿಜಾನಕ್ಕ ಇದನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿಯೇ ಓದಲಿ. ಸಕ್ರವ್ವನೂ ಕೇಳಲಿ.

ನಿನ್ನ ಮಗಳು,
ಸತ್ಯವ್ವ

ತಾ. ಕ.: ಒಂದು ಮಾತು ಉಳಿಯಿತು. ಆ ರವಿವಾರ ಅಪ್ಪ ದನದ ಕೊಟ್ಟಿಗೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ. ಮರುದಿನ ನನ್ನನ್ನು ಬಸ್ಸು ಹತ್ತಿಸಲು ಬಂದಾಗ ಹೇಳಿದ: "ಲಗ್ನಾಗಿ ಇಪ್ಪತ್ತೆರಡು ವರ್ಷ ಆತು, ಅಕಿ ಬಾಯಾಗ ನನ್ನ ಬರಿ ಹೆಸರ ಕೇಳಿದ್ದಿಲ್ಲ. ಮುಂದಿನ ಸಲ ಬಂದಾಗ ಇನ್ನೊಮ್ಮಿ ಹೇಳಸಬೇ." ಹೂಂ ಅಂದಿದ್ದೆ. ಎರಡೇ ಸಾಲು ಸಾಕು, ಬೀಬಿಜಾನಕ್ಕನ ಕೈಯಿಂದ ಬರೆಸಿ ಬೇಗ ಉತ್ತರ ಕಳಿಸು.