ನೀನು ಹೊಗಳಿದ ಮಗು

ಕ್ಯಾತನಹಳ್ಳಿ,
ಪಾಂಡವಪುರ ತಾಲ್ಲೂಕು.
೧೯-೧-೨೦೨೫, ಭಾನುವಾರ

ಪ್ರೀತಿಯ ಬೆಟ್ಟಮ್ಮನಿಗೆ,

ನಿನ್ನ ಮಂಡಿ ನೋವು ಹೇಗಿದೆ? ನಾಗಮಂಗಲದ ಚಳಿಗೆ ಜಾಸ್ತಿಯಾಗಿದ್ದರೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ, ನಾಚಿಕೆ ಪಡಬೇಡ, ಅದು ಮಗಳ ಮನೆಯೇ ತಾನೆ. ರಂಜಿತ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮೊನ್ನೆ ನೀನೇ ಅಂದೆಯಲ್ಲ, ತಟ್ಟೆ ಮುಂದಿಟ್ಟರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ ಎಂದು. ಅಂದಿನಿಂದ ನನಗೂ ಊಟ ಸೇರುತ್ತಿಲ್ಲ. ಇಲ್ಲಿ ಮಿಕ್ಕಿದ್ದೆಲ್ಲ ಸೌಖ್ಯ. ಹಸು ನೀನಿಲ್ಲದೆ ಸ್ವಲ್ಪ ದಿನ ಹಾಲು ಕಡಿಮೆ ಕೊಟ್ಟಿತು, ಈಗ ನನ್ನ ಕೈಗೆ ಒಗ್ಗಿದೆ. ನಾನೂ ಅಡುಗೆಗೆ ಒಗ್ಗಿದ್ದೇನೆ. ಮುದ್ದೆ ಮಾತ್ರ ಗಂಟು ಕಟ್ಟುತ್ತದೆ, ನಗಬೇಡ.

ಕೈಯಲ್ಲಿ ಮೊಬೈಲಿಟ್ಟುಕೊಂಡು ಇವನಿಗೇನು ಕಾಗದ ಬರೆಯುವ ಹುಚ್ಚು ಎಂದುಕೊಳ್ಳುತ್ತೀಯ. ನೀನು ಫೋನ್ ಎತ್ತಿದರೆ ಸ್ಪೀಕರ್ ಹಾಕುತ್ತೀಯ. ಅಳಿಯ ಕಿಶನ್, ಬೀಗಿತ್ತಿ, ಬಂದವರು ಹೋದವರು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನನಗೆ ನಿನ್ನೊಬ್ಬಳ ಹತ್ತಿರ ಕೇಳುವುದಿದೆ. ನಮ್ಮ ಆಲೆಮನೆ ಕೆಲಸದ ಸೋಮಮ್ಮನ ಗಂಡ ನರಸಯ್ಯ ಇವತ್ತು ಸಂಜೆ ಬಸ್ಸಿಗೆ ಆ ಕಡೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ನಮ್ಮ ಮೊಮ್ಮಗಳು ಹುಟ್ಟಿ ತಿಂಗಳು ದಾಟಿತು. ಎಂಟನೇ ತಿಂಗಳಿಗೇ ನೋವು ಬಂದು ಹೆರಿಗೆ ಅಲ್ಲೇ ಆಯಿತು, ಬಾಣಂತಿಯನ್ನು ದೂರ ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಹೇಳಿದರು, ನೀನು ಬಾಣಂತನ ಮಾಡಲು ಅಲ್ಲಿಗೇ ಹೋದೆ. ಇಲ್ಲಿಯವರೆಗಿನದನ್ನು ನಂಬುತ್ತೇನೆ. ಆಮೇಲಿನದನ್ನು ನಂಬುವುದಿಲ್ಲ. ನಾನು ನೋಡಲು ಬರುತ್ತೇನೆ ಅಂದಾಗ ಪುರುಡು ಕಳೆಯಲಿ ಅಂದೆ. ಪುರುಡು ಕಳೆದ ಮೇಲೆ ಮಗುವಿಗೆ ನೆಗಡಿ ಅಂದೆ. ನೆಗಡಿ ಹೋದ ಮೇಲೆ ಆಲೆಮನೆ ಬಿಟ್ಟು ಹೇಗೆ ಬರುತ್ತೀರಿ ಅಂದೆ. ಆಲೆಮನೆಯ ಮೇಲೆ ನಿನಗೆ ಇಷ್ಟು ಅಕ್ಕರೆ ಯಾವಾಗ ಹುಟ್ಟಿತೋ ದೇವರಿಗೇ ಗೊತ್ತು. ಅದೂ ಹೋಗಲಿ. ಫೋನ್ ಮಾಡಿದಾಗಲೆಲ್ಲ, "ಕೂಸು ಬಾಳ ಚೆಂದಾಗದೆ ಕಣ್ರೀ, ಚಿನ್ನದ ಗೊಂಬೆ ಅಂಗವ್ಳೆ" ಅನ್ನುತ್ತೀಯಲ್ಲ, ಅದಕ್ಕೇ ನನಗೆ ಅನುಮಾನ ಬಂದದ್ದು. ಕಣ್ಣಾದೀತು ಎಂದು ನಮ್ಮ ಕಡೆ ಯಾರೂ ತಮ್ಮ ಮನೆಯ ಕೂಸನ್ನು ಬಾಯಿಬಿಟ್ಟು ಚೆಂದ ಅನ್ನುವುದಿಲ್ಲ. ನೀನಂತೂ ಅಂದವಳೇ ಅಲ್ಲ. ರಂಜಿತ ಹುಟ್ಟಿದಾಗ ನೋಡಲು ಬಂದವರೆದುರು, "ಥೂ, ಕೋತಿ ಮೂತಿದು, ಯಾರಿಗ್ ಬೇಕು, ನೀವೇ ಎತ್ಕೊಂಡ್ ಓಗಿ" ಅಂದೆ. ಅನ್ನುತ್ತಲೇ ಸೆರಗಿನೊಳಗೆ ಬಿಗಿಯಾಗಿ ಅವುಚಿಕೊಂಡಿದ್ದೆ. ಅವಳು ಮದುವೆಗೆ ಸಿಂಗಾರವಾಗಿ ನಿಂತಾಗಲೂ, "ಉಣಸೆ ಮರದ ದೆವ್ವ ಇದ್ದಂಗವ್ಳೆ" ಅಂದೆ. ಅವಳು ನಗುತ್ತಾ ನಿನ್ನ ಕಾಲಿಗೆ ಬಿದ್ದಳು. ಜನ್ಮದಲ್ಲಿ ನಮ್ಮದು ಎನ್ನುವ ಯಾವುದನ್ನೂ ಹೊಗಳದವಳು ಈಗ ದಿನಾ ಹೊಗಳುತ್ತಿದ್ದೀಯ. ಅಂದರೆ ಏನನ್ನೋ ಮುಚ್ಚುತ್ತಿದ್ದೀಯ.

ನಿಮ್ಮದು ಅನುಮಾನದ ಬುದ್ಧಿ ಎಂದು ಬಯ್ಯುತ್ತೀಯ. ಇರಬಹುದು. ಬೆಲ್ಲ ಬೇಯಿಸುವವನಿಗೆ ಚೆಂದದ ಮೇಲೆ ಅನುಮಾನ ಬರದೆ ಇನ್ನೇನು? ಮೊನ್ನೆ ಒಬ್ಬ ವ್ಯಾಪಾರಿ ನಮ್ಮ ಕಂದು ಬೆಲ್ಲದ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿ, "ರುಚಿ ಅದೆ ಯಜಮಾನ್ರೇ, ಬಣ್ಣ ಇಲ್ಲ" ಎಂದು ಕೆಳಗಿಟ್ಟು ಹೋದ. ಪುಡಿ ಹಾಕಿ ಹಳದಿ ಮಾಡಿದ ಬೆಲ್ಲವನ್ನು ಎಲ್ಲರೂ ಚೆಂದ ಅನ್ನುತ್ತಾರೆ, ಬೇಯಿಸಿದವನು ಮಾತ್ರ ತನ್ನ ಮನೆಯ ಪಾಯಸಕ್ಕೆ ಅದನ್ನು ಹಾಕುವುದಿಲ್ಲ. ಹಾಗೆಂದು ಕಪ್ಪಾದದ್ದೆಲ್ಲ ಒಳ್ಳೆಯದು ಅನ್ನುವುದಕ್ಕೂ ಆಗದು, ಸೀದ ಬೆಲ್ಲವೂ ಕಪ್ಪೇ. ಈಗ ಪಟ್ಟಣದವರಿಗೆ ಕಪ್ಪು ಬೆಲ್ಲದ ಮೇಲೆ ಮನಸ್ಸಾಗಿದೆ ಎಂದು ಸೀದದ್ದನ್ನೂ ಸಾವಯವ ಎಂದು ಮಾರುವವರಿದ್ದಾರೆ. ನಿನಗೆ ಗೊತ್ತಿಲ್ಲದ್ದೇನಲ್ಲ.

ಕೊಪ್ಪರಿಗೆಯ ಮುಂದೆ ಕೂತು ಇದನ್ನೇ ಯೋಚಿಸುತ್ತೇನೆ. ಚೆಂದ ಎನ್ನುವುದು ಇರುವುದೆಲ್ಲಿ? ವಸ್ತುವಿನಲ್ಲೇ ಇದ್ದರೆ ಯಾರೋ ಕಣ್ಣು ಹಾಕಿದ ಮಾತ್ರಕ್ಕೆ ಕರಗಿಹೋಗುತ್ತದೆ ಎಂದು ನಾವೇಕೆ ಹೆದರುತ್ತೇವೆ? ನೋಡುವವರ ಕಣ್ಣಿನಲ್ಲಿದ್ದರೆ ಮಗುವಿನ ಕೆನ್ನೆಗೇಕೆ ಬೊಟ್ಟು, ನೋಡಲು ಬಂದವರ ಮುಖಕ್ಕೇ ಮಸಿ ಬಳಿದು ಕಳಿಸಬಹುದಿತ್ತು. ಮದುವೆಯಾದ ಹೊಸದರಲ್ಲಿ ಹೊಸಹೊಳಲಿನ ಗುಡಿಗೆ ಹೋಗಿದ್ದೆವಲ್ಲ. ಜೊತೆಗೆ ಬಂದವರೆಲ್ಲ ಗೋಡೆಯ ಕೆತ್ತನೆ ನೋಡಿ ಚೆಂದ ಚೆಂದ ಎನ್ನುತ್ತಾ ಮುಂದೆ ಹೋದರು. ನೀನು ಮೂಗು ಮುಕ್ಕಾದ ಒಂದು ಹೆಣ್ಣಿನ ವಿಗ್ರಹದೆದುರು ನಿಂತುಬಿಟ್ಟೆ. "ಇವ್ಳು ಯಾಕೋ ನಮ್ ಮನೆಯವ್ಳಂಗೆ ಕಾಣ್ತಾಳೆ" ಅಂದೆ. ಚೆಂದ ಅನ್ನಲಿಲ್ಲ. ಪರರದ್ದಾದರೆ ದೂರ ನಿಂತು ಚೆಂದವೋ ಅಲ್ಲವೋ ಎಂದು ನೋಡುತ್ತೇವೆ, ನಮ್ಮದು ಅಂದುಕೊಂಡ ಮೇಲೆ ಆ ಮಾತೇ ಬರುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆವತ್ತೇ. ಅದಕ್ಕೇ ನೀನು ಹೊಗಳಿದಾಗಲೆಲ್ಲ, ಆ ಮಗುವನ್ನು ನೀನು ಯಾಕೋ ದೂರ ಇಟ್ಟಿದ್ದೀಯ ಅನ್ನಿಸುತ್ತದೆ. ಬೇರೆ ಹೇಗೆ ಹೇಳಲಿ, ತಿಳಿಯದು.

ಸೋಮಮ್ಮ ಹಬ್ಬಕ್ಕೆ ಮುಂಚೆ ಮಗು ನೋಡಿಕೊಂಡು ಬಂದಳಲ್ಲ, ಹೇಗಿದೆಯಮ್ಮ ಎಂದು ಕೇಳಿದೆ. "ಚೆಂದಾಗದೆ ಬುಡಣ್ಣ" ಎಂದವಳು ನನ್ನ ಮುಖ ನೋಡದೆ ಒಲೆಗೆ ಕಬ್ಬಿನ ಸಿಪ್ಪೆ ತುಂಬಲು ಹೋದಳು. ನೀನು ಹೇಳಿಕೊಟ್ಟ ಮಾತು ಎಂದು ತಕ್ಷಣ ಗೊತ್ತಾಯಿತು. ಅಳಿಯ ಕಳಿಸುವ ಫೋಟೋಗಳಲ್ಲೂ ಯಾವಾಗಲೂ ಒಂದೇ ಕೆನ್ನೆ, ಇನ್ನೊಂದು ನಿನ್ನ ಎದೆಗೋ ಟವೆಲ್ಲಿಗೋ ಒತ್ತಿರುತ್ತದೆ. ಅದಕ್ಕಿಂತ ದೊಡ್ಡ ಅನುಮಾನ ಬೊಟ್ಟಿನದು. ಹೊಸ ಟ್ರಾಕ್ಟರಿಗೆ ದೃಷ್ಟಿ ಬೊಟ್ಟು ಇಟ್ಟವಳು ನೀನು, ಎಮ್ಮೆಕರುವಿನ ಹಣೆಗೂ ಇಟ್ಟವಳು. ಸ್ವಂತ ಮೊಮ್ಮಗಳ ಮುಖದಲ್ಲಿ ಒಂದು ಫೋಟೋದಲ್ಲೂ ಬೊಟ್ಟಿಲ್ಲ. ಈ ಮಗುವಿಗೆ ಯಾರ ಕಣ್ಣೂ ಬೀಳುವುದಿಲ್ಲ ಎಂದು ನೀನೇ ತೀರ್ಮಾನ ಮಾಡಿಬಿಟ್ಟೆಯಾ?

ನನ್ನಿಂದಲೂ ಮುಚ್ಚಿಟ್ಟದ್ದಕ್ಕೆ ನನಗೆ ತುಂಬ ನೋವಾಯಿತು. ವ್ಯಾಪಾರಿ ಅಚ್ಚು ನೋಡಿದ ಹಾಗೆ ಇವನೂ ಮೊಮ್ಮಗಳನ್ನು ತಿರುಗಿಸಿ ನೋಡುತ್ತಾನೆ ಎಂದುಕೊಂಡೆಯೇನೋ. ಇಷ್ಟು ವರ್ಷ ಜೊತೆಗಿದ್ದು ನನ್ನನ್ನು ಅಷ್ಟೇ ತಿಳಿದುಕೊಂಡೆಯಲ್ಲ.

ಬೀಗಿತ್ತಿಗೆ ನನ್ನ ನಮಸ್ಕಾರ ಹೇಳು. ಅಳಿಯನಿಗೂ ರಂಜಿತಳಿಗೂ ಆಶೀರ್ವಾದ. ಕೂಸಿಗೆ ಈ ಅಜ್ಜನ ಆಯುಸ್ಸೂ ಸೇರಲಿ. ನರಸಯ್ಯನ ಕೈಯಲ್ಲಿ ಎಳ್ಳುಬೆಲ್ಲವನ್ನೂ ಕಳಿಸಿದ್ದೇನೆ, ಅಕ್ಕಪಕ್ಕದವರಿಗೆ ಬೀರಿ ನೀನೂ ಒಂದು ಹಿಡಿ ತಿನ್ನು.

ನಿನ್ನ,
ಚಿಕ್ಕಸ್ವಾಮಿ

ಮಡಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ನರಸಯ್ಯ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎನ್ನುತ್ತಿದ್ದಾನೆ: ಏನೂ ಗೊತ್ತಿಲ್ಲದವನ ಹಾಗೆ ಮೇಲೆ ಕೇಳಿದೆ, ನನಗೆ ಗೊತ್ತು. ಅಳಿಯ ಹಬ್ಬದ ದಿನ ಕಳಿಸಿದ ಫೋಟೋದಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡ ನಿನ್ನ ಹಿಂದೆ ಬೀರುವಿನ ಕನ್ನಡಿ ಇದೆ. ನೀನು ಮರೆ ಮಾಡಿದ ಕೆನ್ನೆ ಅದರಲ್ಲಿ ಕಂಡಿತು, ಕಿವಿಯಿಂದ ತುಟಿಯವರೆಗೆ ಕೆಂಪು ಮಚ್ಚೆ. ದೊಡ್ಡದು ಮಾಡಿ ಮಾಡಿ ನೋಡಿದೆ, ಅತ್ತುಬಿಟ್ಟೆ. ಆಮೇಲೆ ಅವಳು ಆಕಳಿಸುತ್ತಿರುವುದು ಕಾಣಿಸಿ ನಗುವೂ ಬಂತು. ಬುಧವಾರ ಬರುತ್ತೇನೆ. ಅಲ್ಲಿಯವರೆಗೆ ನಾನು ಕಾಯಬಲ್ಲೆ, ರಂಜಿತ ಕಾಯಲಾರಳು. ತನ್ನವ್ವ ಯಾರನ್ನು ಹೊಗಳುತ್ತಾಳೆ, ಯಾರನ್ನು ಬಯ್ಯುತ್ತಾಳೆ ಎಂದು ಹುಟ್ಟಿದಾಗಿನಿಂದ ಬಲ್ಲವಳು ಅವಳು. ನೀನು ಚಿನ್ನದ ಗೊಂಬೆ ಅಂದಾಗಲೆಲ್ಲ, ಈ ಮಗು ನಮ್ಮದಲ್ಲ ಎಂದೇ ಅವಳಿಗೆ ಕೇಳಿಸುತ್ತಿದೆ. ಇದನ್ನು ಓದಿದ ಕೂಡಲೇ ಒಳಗೆ ಹೋಗಿ, ಅವಳ ಕಣ್ಣೆದುರಿಗೇ ಆ ಕೂಸನ್ನು ಎತ್ತಿಕೊಂಡು ಬಾಯಿ ತುಂಬ ಬಯ್ಯಿ.