ಶನಿವಾರದ ಕೋಸಂಬರಿ

ಮೂಗಿನ ತುದಿಯಲ್ಲೇ ಕೋಪವಿದ್ದ ನನ್ನ ಅಪ್ಪನಿಗೆ,

ಜಗಲಿಯ ಮೇಲೆ ಮೊದಲ ಸಲ ಫಿಟ್ಸ್ ಬಂದು ನೀನು ಒದ್ದಾಡಿದಾಗ ಚಿಕ್ಕಪ್ಪ ನಿನ್ನ ಕೈಗೆ ಕಬ್ಬಿಣದ ಬೀಗದ ಕೈ ತುರುಕಿದ್ದ. ನಿನಗೆಲ್ಲಿ ನೆನಪಿರಬೇಕು? ಫಿಟ್ಸ್ ತಾನಾಗಿಯೇ ನಿಂತಿತು, ಹೆಸರು ಬಂದದ್ದು ಕಬ್ಬಿಣಕ್ಕೆ. ಅಂದಿನಿಂದ ಅದು ನಿನ್ನ ಉಡಿದಾರದಲ್ಲೇ ನೇತಾಡಿತು.

ಮೈಸೂರಿನಲ್ಲಿ ತಲೆ ಸ್ಕ್ಯಾನ್ ಮಾಡಿಸಿದ ದಿನ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು. ಲಾಡಿಹುಳದ ಮರಿ ಮೆದುಳಿನಲ್ಲಿ ಗೂಡು ಕಟ್ಟಿದೆ, ಮಾತ್ರೆಯಲ್ಲೇ ವಾಸಿಯಾಗುತ್ತದೆ, ಆದರೆ ಫಿಟ್ಸ್ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ ಎಂದರು. ಆಮೇಲೆ, "ಮನೇಲಿ ಯಾರಾದ್ರೂ ಹಂದಿ ಮಾಂಸ ತಿಂತೀರಾ?" ಎಂದು ಕೇಳಿದರು.

ನಿನ್ನ ಮುಖ ಕೆಂಪಾಯಿತು. "ಕರಿಘಟ್ಟದಪ್ಪನ ಒಕ್ಲು ನಾವು, ಆ ದೇವ್ರಿಗೆ ಶನ್ವಾರ ಒಪ್ಪತ್ತಿರೋರು. ಈ ವಯಸ್ನಲ್ಲಿ ಅಂದಿ ತಿಂದವ್ನು ಅನ್ನುಸ್ಕೋಬೇಕಾ? ನೀನೇ ಯೋಳವ್ವ" ಎಂದು ನನ್ನತ್ತ ತಿರುಗಿದೆ. ನಾನು ತಲೆಯಾಡಿಸಿದೆ. ಯಾರೂ ಮುಟ್ಟುವುದಿಲ್ಲ ಎಂದೆ.

ತಿಂದವರ ಹೊಟ್ಟೆಯಲ್ಲಿ ಹುಳ ಇರಬಹುದು, ಅದರ ಮೊಟ್ಟೆ ತೊಳೆಯದ ಕೈಯಿಂದ ತಿನ್ನದವರ ಬಾಯಿಗೂ ಸೇರುತ್ತದೆ, ಮನೆಯವರೆಲ್ಲ ಮಲ ಪರೀಕ್ಷೆ ಮಾಡಿಸಿ ಎಂದು ಅವರು ಬಿಡಿಸಿ ಹೇಳಿದರು. ನೀನು ಆಗಲೇ ಎದ್ದು ಹೊರಗೆ ಹೋಗಿದ್ದೆ. ಪರೀಕ್ಷೆಗೆ ಬರೆದ ಚೀಟಿ ನನ್ನ ಕೈಯಲ್ಲಿತ್ತು. ಬಸ್ಸಿನಲ್ಲಿ ಅದನ್ನು ಮಡಚಿ, ಮತ್ತೆ ಮಡಚಿ...

"ಅವಮಾನ ಮಾಡಿದೋರ ಮಾತ್ರೆ ನಂಗ್ಯಾಕೆ, ಬುಡವ್ವ" ಎಂದು ತಿಂಗಳೊಳಗೆ ನೀನು ಎಲ್ಲ ಮಾತ್ರೆ ನಿಲ್ಲಿಸಿದೆ. ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ. ಕಬ್ಬಿನ ಗದ್ದೆಗೆ ನೀರು ತಿರುಗಿಸುವಾಗ ಫಿಟ್ಸ್ ಬಂದು ಬಿದ್ದೆಯಲ್ಲ, ಆ ಕಾಲುವೆಯಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಮುಖ ಕೆಳಗಾಗಿತ್ತು. ಬೀಗದ ಕೈ ಸೊಂಟದಲ್ಲೇ ಇತ್ತು. ಹಾಳು ಕಬ್ಬಿಣ.

ಹಾಸ್ಟೆಲಿನಲ್ಲಿದ್ದಾಗ ಭಾನುವಾರಗಳಲ್ಲಿ ಗೆಳತಿಯರ ಜೊತೆ ಹೋಗಿ ನಾನು ಹಂದಿ ಮಾಂಸ ತಿನ್ನುತ್ತಿದ್ದೆ ಅಪ್ಪ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ? ತಿಂದದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ. ನಿನ್ನೆದುರು ತಲೆಯಾಡಿಸಿದ್ದಕ್ಕೆ ಇದೆ. ನಿನ್ನ ತಿಥಿ ಮುಗಿದ ಮೇಲೆ ಒಬ್ಬಳೇ ಹೋಗಿ ಪರೀಕ್ಷೆ ಮಾಡಿಸಿದೆ. ಹುಳ ನನ್ನ ಹೊಟ್ಟೆಯಲ್ಲಿತ್ತು. ಒಂದೇ ಸಲದ ಮಾತ್ರೆಗೆ ಹೋಯಿತು.

ಶನಿವಾರ ಒಪ್ಪತ್ತಿದ್ದು ನೀನು ತಿನ್ನುತ್ತಿದ್ದ ಹೆಸರುಬೇಳೆ ಕೋಸಂಬರಿಯನ್ನು, ಹಾಸ್ಟೆಲಿನಿಂದ ಮರಳಿದ ಮೇಲೆ ವರ್ಷಗಟ್ಟಲೆ ಕಲೆಸಿದವಳು ನಾನು. ಚಮಚದಲ್ಲಿ ಕಲೆಸಿದರೆ ನಿನಗೆ ಸೇರುತ್ತಿರಲಿಲ್ಲ. "ಮಗಳ ಕೈ ಬಿದ್ರೇನೇ ರುಚಿ ಕಣ್ಲಾ" ಎಂದು ಚಿಕ್ಕಪ್ಪನ ಮುಂದೆ ಹೊಗಳುತ್ತಿದ್ದೆ. ಆ ಕೈಯನ್ನು ನಾನು ಎಷ್ಟು ಸಲ ಸರಿಯಾಗಿ ತೊಳೆದಿದ್ದೆನೋ, ಯಾರಿಗೆ ಗೊತ್ತು?

ಮೊನ್ನೆ ಅವ್ವನಿಗೆ ತಲೆನೋವೆಂದು ಅದೇ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅದೇ ಪ್ರಶ್ನೆ. "ನಮ್ಮನೇಲಿ ಯಾರೂ ಮುಟ್ಟಲ್ಲ ಕಣವ್ವ" ಎಂದ ಅವ್ವ ನಿನ್ನ ಹಾಗೆಯೇ ನನ್ನತ್ತ ತಿರುಗಿದಳು.

"ನಾನು ತಿಂದಿದ್ದೆ. ಹುಳ ನನ್ನ ಹೊಟ್ಟೇಲಿತ್ತು" ಎಂದೆ.

ಅವ್ವನ ಸ್ಕ್ಯಾನಿನಲ್ಲಿ ಏನೂ ಇಲ್ಲ ಅಪ್ಪ, ಚೆನ್ನಾಗಿದ್ದಾಳೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಇವತ್ತು ಶನಿವಾರ. ನಿನ್ನ ಫೋಟೋ ಮುಂದಿಡುವ ಕೋಸಂಬರಿಯನ್ನು ಅವಳೇ ಕಲೆಸಿದಳು.

ನಿನ್ನ ಮಗಳು