ಗುಲಾಬಿ ಕುಂಡಕ್ಕೆ ಕಟ್ಟಿದ ಚೀಟಿ

ಮಾರ್ಚ್ 6, ಬೆಳಗಿನ ಜಾವ 3.50

ಮೇಲಿನ ಮನೆಯಲ್ಲಿ ಮತ್ತೆ ಕುರ್ಚಿ ಎಳೆದ ಸದ್ದು. ಆಮೇಲೆ ಗಾಜಿನ ಲೋಟದಲ್ಲಿ ಚಮಚ — ಟಿಣ್ ಟಿಣ್. ಮೂರಕ್ಕೆ ಮಲಗಿದ್ದ ಸಿಂಧೂರಾ ಎದ್ದಳು. ಅವಳಿಗೆ ನಾಲ್ಕು ತಿಂಗಳು. ನಾಲ್ಕು ತಿಂಗಳಿಂದ ನನಗೆ ನಿದ್ದೆಯಿಲ್ಲ. ಗಂಡ ಧೀರಜ್‌ಗೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಮಗು ಉಸಿರಾಡುತ್ತಿದೆಯಾ ಅಂತ ಎಷ್ಟು ಸಲ ನೋಡಿದೆನೋ...

ಮಾರ್ಚ್ 7

ಬಿಲ್ಡಿಂಗ್ ನೋಡಿಕೊಳ್ಳುವ ಕಂಪನಿಗೆ ದೂರು ಕಳಿಸಿದೆ. ಇಲ್ಲಿ ಜಪಾನಿನಲ್ಲಿ ಯಾರೂ ಹೋಗಿ ಬಾಗಿಲು ತಟ್ಟುವುದಿಲ್ಲ, ಫಾರ್ಮ್ ತುಂಬುತ್ತಾರೆ. ಹೆಸರು ಹಾಕಲಿಲ್ಲ.

ಮಾರ್ಚ್ 14

ಬೆಲ್ ಆಯಿತು. ಮೇಲಿನ ಮನೆಯವಳು — ನುರ್ಹಾನ್, ಟರ್ಕಿಯವಳು. ಕೈಯಲ್ಲಿ ಬೇಳೆ ಸೂಪು. ರಂಜಾನ್ ಅಂತೆ, ಬೆಳಕು ಹರಿಯುವ ಮುಂಚೆ ಊಟ. ನನಗೇಕೆ ಹೊಳೆಯಲಿಲ್ಲ?

"ನಮ್ಮ ಮೇಲೆ ಕಂಪ್ಲೇಂಟ್ ಬಂದಿದೆ ತಂಗಿ. ಪಕ್ಕದ ಒಕಾಮೋತೊ ಸಾನ್ ಇರ್ಬೇಕು. ಪಾಪ, ವಯಸ್ಸಾಗಿದೆ. ಅವರಿಗೂ ಸೂಪ್ ಕೊಟ್ ಬಂದೆ. ಈಗ ಕಂಬಳಿ ಹಾಸ್ಕೊಂಡು ನೆಲದ ಮೇಲೇ ಊಟ. ಮರದ ಚಮಚ." ನಕ್ಕಳು. "ನಿನ್ನ ಮಗು ಅಳೋದು ಕೇಳ್ಸುತ್ತೆ. ಹೇಗೂ ಎದ್ದಿರ್ತೀವಿ. ಫೋನ್ ಮಾಡು, ನಾನು ಎತ್ಕೋತೀನಿ."

ಹೇಳಬೇಕಿತ್ತು. ಅರಿಗಾತೋ, ಥ್ಯಾಂಕ್ಸ್ ಅಂದೆ, ಅಷ್ಟೇ.

ಮಾರ್ಚ್ 16

ಫೋನ್ ಮಾಡಿದೆ. ನಾಲ್ಕೂವರೆಗೆ ಇಳಿದು ಬಂದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಏನೋ ಗುನುಗುತ್ತಾ ಓಡಾಡಿದಳು. ನಾನು ಕಣ್ಣು ಬಿಟ್ಟಾಗ ಎಂಟು ಗಂಟೆ. ಸಿಂಕಿನಲ್ಲಿದ್ದ ಪಾತ್ರೆಯನ್ನೂ ತೊಳೆದಿಟ್ಟಿದ್ದಾಳೆ. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಮಾರ್ಚ್ 30

ನಮಗೆ ಯುಗಾದಿ, ಅವರಿಗೆ ಬಾಯ್ರಾಮ್ — ಉಪವಾಸ ಮುಗಿದ ಹಬ್ಬ. ನುರ್ಹಾನ್ ನಮ್ಮ ಅಂಗೈಗೆ ನಿಂಬೆ ವಾಸನೆಯ ಕಲೋನ್ ಸುರಿದಳು. ಧೀರಜ್ ತೀರ್ಥದಂತೆ ಬಾಯಿಗೆತ್ತಿದ.

"ಲೋ, ಅದು ಸೆಂಟು ಕಣೋ," ಅಂದೆ.

ಅವಳ ಮಗಳು ಎಲಿಫ್, ಏಳು ವರ್ಷ, ನನ್ನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡು ಅಲ್ಲೇ ನಿಂತಳು. ನಾನೂ ನಿಂತೆ.

"ಏನಾದ್ರೂ ಕೊಡೇ, ಕಾಯ್ತಿದಾಳೆ," ಧೀರಜ್ ಪಿಸುಗುಟ್ಟಿದ.

ಬೆಲ್ಲ ಕೊಟ್ಟೆ. ಬೇವು ನಗೋಯಾದಲ್ಲಿ ಎಲ್ಲಿ ಸಿಗಬೇಕು. ಎಷ್ಟು ದಿನದ ಮೇಲೆ ನಕ್ಕೆ. ಇವತ್ತೂ ಹೇಳಲಿಲ್ಲ.

ಏಪ್ರಿಲ್ 23

ಟರ್ಕಿಯಲ್ಲಿ ಇವತ್ತು ಮಕ್ಕಳ ಹಬ್ಬ. ಸಿಂಧೂರಾಗೆ ಎಲಿಫ್ ಮಾಡಿದ ಕಾಗದದ ಕಿರೀಟ. ನಿನ್ನೆ ರಾತ್ರಿ ಮಗಳು ಐದು ಗಂಟೆ ಕಾಲ ಒಂದೇ ಸಮ ಮಲಗಿದಳು. ನಾನೂ. ಯಾವ ದೇವರು ನುರ್ಹಾನ್‌ಳನ್ನು ನನ್ನ ತಲೆಯ ಮೇಲಿನ ಮನೆಗೇ ಕಳಿಸಿದನೋ.

ಮೇ 5, ರಾತ್ರಿ 11.20

ಎರಡು ವಾರದಲ್ಲಿ ಎರಡನೇ ಮಕ್ಕಳ ಹಬ್ಬ, ಇದು ಜಪಾನಿನದು. ಬಾಲ್ಕನಿಗಳಲ್ಲಿ ಬಟ್ಟೆಯ ಮೀನುಗಳು. ಟರ್ಕಿಯವರಿಗೆ ಇವತ್ತು ರಾತ್ರಿ ಹಿದಿರೆಲ್ಲೆಜ್, ವಸಂತದ ಹಬ್ಬ. ಬೇಡಿಕೆ ಬರೆದು ಗುಲಾಬಿ ಗಿಡಕ್ಕೆ ಕಟ್ಟಬೇಕು, ನಸುಕಿಗೆ ಬಿಚ್ಚಿ ನದಿಗೆ ಬಿಡಬೇಕು. ನುರ್ಹಾನ್ ತನ್ನ ಬಾಗಿಲ ಮುಂದೆ ಕುಂಡ ಇಟ್ಟು ನನಗೂ ಚೀಟಿ ಕೊಟ್ಟಳು.

"ನಾನು ಮನೆ ಕೇಳಿದೀನಿ. ಆ ದೂರಿನಿಂದ ಓನರ್ ಅಗ್ರಿಮೆಂಟ್ ಮುಂದುವರ್ಸಲ್ಲವಂತೆ. ನಾಳೆ ಬೆಳಿಗ್ಗೆ ಆರು ಗಂಟೆ ಬಸ್ಸಿಗೆ ನಮ್ಮನೆಯೋರು ಬೇರೆ ಮನೆಗೆ ಸಹಿ ಹಾಕೋಕೆ ಹೋಗ್ತಾರೆ. ದೂರ ಅದು... ಸಿಂಧೂರಾನ ಬಿಟ್ಟಿರೋದೇ ಕಷ್ಟ ನಂಗೆ."

ಚೀಟಿ ಹಿಡಿದು ಕೆಳಗೆ ಬಂದೆ. ಈಗ ಬರೆದು ಕಟ್ಟಿ ಬಂದೆ. ಬೇಡಿಕೆಯ ಚೀಟಿ ಯಾರೂ ಓದುವುದಿಲ್ಲವಂತೆ. ಅದಕ್ಕೇ ಮೇಲೆ ಅವಳ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ 'ಓದು'. ಇಂಗ್ಲಿಷಿನಲ್ಲಿ ಬರೆದದ್ದು ಇಲ್ಲಿ ನನ್ನ ಮಾತಿನಲ್ಲಿ —

ನುರ್ಹಾನ್ ಅಕ್ಕ, ಆ ದೂರು ಒಕಾಮೋತೊ ಸಾನ್ ಕೊಟ್ಟದ್ದಲ್ಲ. ನಾನು ಕೊಟ್ಟದ್ದು. ನೀನು ನನಗೆ ನಿದ್ದೆ ಕೊಟ್ಟೆ, ನಾನು ನಿನ್ನ ಮನೆ ಕಳೆದೆ. ಹಬ್ಬದ ರಜೆ ಮುಗಿದು ಏಳನೇ ತಾರೀಕು ಬಿಲ್ಡಿಂಗ್ ಕಂಪನಿಯ ಆಫೀಸ್ ತೆರೆಯುತ್ತದೆ. ಹೆಸರು ಹಾಕಿ ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಓನರ್ ಮುಂದೆ ನಿಂತು ಹೇಳುತ್ತೇನೆ. ಭಾವನನ್ನು ಬಸ್ಸು ಹತ್ತಿಸಬೇಡ. ಎದ್ದೇ ಇರುತ್ತೇನೆ, ಬೈಯುವುದಕ್ಕಾದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು ಅಕ್ಕ, ಒಂದೇ ಒಂದು.